ಕ್ಲಸ್ಟರ್ ಸರ್ವರ್‌ಗಳ ನಡುವೆ ಫೈರ್‌ವಾಲ್ ತೊಂದರೆ: ಪ್ಯಾಕೆಟ್ ಎಲ್ಲಿ ನಿಂತಿತು ಅಂತ ಹುಡುಕುವುದು

ಪಿಂಗ್ ಹೋಗುತ್ತದೆ. ಎಸ್‌ಎಸ್‌ಎಚ್ ಆಗುತ್ತದೆ. ಆದರೂ ಮೂರನೇ ನೋಡ್ (ಗುಂಪಿನ ಒಂದು ಸರ್ವರ್) ಕ್ಲಸ್ಟರ್‌ಗೆ, ಅಂದರೆ ಒಟ್ಟಾಗಿ ಕೆಲಸ ಮಾಡುವ ಸರ್ವರ್‌ಗಳ ಗುಂಪಿಗೆ, ಸೇರುತ್ತಿಲ್ಲ. ಲಾಗ್‌ನಲ್ಲಿ ಟೈಮ್‌ಔಟ್ ಅನ್ನೋದು ಬಿಟ್ಟರೆ ಬೇರೆ ಸುಳಿವಿಲ್ಲ. ಇಂಥ ಹೊತ್ತಿನಲ್ಲಿ ಯಾರಾದರೂ ಒಬ್ಬರು ಹೇಳೇ ಹೇಳುತ್ತಾರೆ: "ಫೈರ್‌ವಾಲ್ ಒಂದು ನಿಮಿಷ ಆಫ್ ಮಾಡಿ ನೋಡೋಣ."

ದಯವಿಟ್ಟು ಹಾಗೆ ಮಾಡಬೇಡಿ. ಸುರಕ್ಷತೆಯ ಮಾತು ಒತ್ತಟ್ಟಿಗಿರಲಿ, ದೋಷ ಹುಡುಕೋದಕ್ಕೂ ಅದರಿಂದ ಅಂಥ ಉಪಯೋಗವಿಲ್ಲ. ಆಫ್ ಮಾಡಿದಾಗ ಎಲ್ಲ ಸರಿಹೋಯಿತು ಅಂತಿಟ್ಟುಕೊಳ್ಳಿ. ಗೊತ್ತಾಗುವುದು "ಯಾವುದೋ ರೂಲ್ ತಡೆಯುತ್ತಿತ್ತು" ಅಂತ ಮಾತ್ರ. ಯಾವ ಪೋರ್ಟ್ (ಸರ್ವರ್‌ನೊಳಗಿನ ಒಂದೊಂದು ಸರ್ವೀಸಿನ ಬಾಗಿಲ ಸಂಖ್ಯೆ), ಯಾವ ದಿಕ್ಕು, ಯಾವ ಸರ್ವರ್ ಅನ್ನೋದು ಗೊತ್ತಾಗಲಿಲ್ಲ. ಇನ್ನೂ ಕೆಟ್ಟದ್ದು ಏನೆಂದರೆ, ಆಫ್ ಇದ್ದಾಗ ಹುಟ್ಟಿಕೊಂಡ ಸಂಪರ್ಕ ಮತ್ತೆ ಆನ್ ಮಾಡಿದ ಮೇಲೂ ಉಳಿದುಕೊಳ್ಳಬಹುದು. ಫೈರ್‌ವಾಲ್ ಅದನ್ನು ಈಗಾಗಲೇ ನಡೆಯುತ್ತಿರುವ ಮಾತುಕತೆ ಅಂತ ಒಳಗೆ ಬಿಡುತ್ತದೆ. ನೀವು ಸರಿಯಾಯಿತು ಅಂತ ಮನೆಗೆ ಹೋಗುತ್ತೀರಿ. ಮುಂದಿನ ಸಲ ಸರ್ವರ್ ರೀಸ್ಟಾರ್ಟ್ ಆದಾಗ ಅದೇ ತೊಂದರೆ ವಾಪಸ್ ಬರುತ್ತದೆ. ಡಾಕರ್ ಅಥವಾ ಕುಬರ್ನೆಟಿಸ್ (ಪ್ರೋಗ್ರಾಂಗಳನ್ನು ಕಂಟೇನರ್ ಅನ್ನುವ ಪ್ರತ್ಯೇಕ ಡಬ್ಬಿಗಳಲ್ಲಿ ಓಡಿಸುವವು) ಓಡುವ ಸರ್ವರ್‌ನಲ್ಲಿ ಐಪಿಟೇಬಲ್ಸ್ (ಲಿನಕ್ಸ್‌ನ ಫೈರ್‌ವಾಲ್) ರೂಲ್‌ಗಳನ್ನೆಲ್ಲ ಅಳಿಸಿದರಂತೂ ಕಂಟೇನರ್‌ಗಳಿಗೆ ಬೇಕಾದ ನ್ಯಾಟ್ (ವಿಳಾಸ ಬದಲಿಸುವ) ರೂಲ್‌ಗಳೂ ಜೊತೆಗೇ ಹೋಗುತ್ತವೆ. ಆಗ ಒಂದಿದ್ದ ತೊಂದರೆ ಎರಡಾಗುತ್ತದೆ.

ಕೇಳಬೇಕಾದ ಪ್ರಶ್ನೆ ಒಂದೇ: ಪ್ಯಾಕೆಟ್ ಎಲ್ಲಿಯವರೆಗೆ ಹೋಯಿತು, ಎಲ್ಲಿ ನಿಂತಿತು? ಈ ಜಾಗ ಸಿಗುವ ತನಕ ಒಂದು ರೂಲನ್ನೂ ಮುಟ್ಟಬೇಕಾಗಿಲ್ಲ. ಸಿಕ್ಕ ಮೇಲೆ ಸಾಮಾನ್ಯವಾಗಿ ಒಂದೇ ಸಾಲಿನ ಕೆಲಸ. ಕೆಳಗಿನದ್ದೆಲ್ಲ ಮುಖ್ಯವಾಗಿ ಲಿನಕ್ಸ್ ಸರ್ವರ್‌ಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು.

## ಕ್ಲಸ್ಟರ್‌ನಲ್ಲಿ ದಿಕ್ಕು ಯಾಕೆ ಮುಖ್ಯ

ಒಂದು ವೆಬ್ ಸರ್ವರ್ ಆದರೆ ಲೆಕ್ಕ ಸುಲಭ. ಹೊರಗಿನವರು 443ಕ್ಕೆ ಬರುತ್ತಾರೆ, ಅಷ್ಟೇ. ಕ್ಲಸ್ಟರ್‌ನಲ್ಲಿ ಪ್ರತಿ ನೋಡ್ ಕರೆ ಮಾಡುವವನೂ ಹೌದು, ಕರೆಗೆ ಕಾಯುವವನೂ ಹೌದು. ಮೂರು ನೋಡ್ ಇದ್ದರೆ ಪರೀಕ್ಷಿಸಬೇಕಾದ ದಿಕ್ಕುಗಳು 6. ಐದು ನೋಡ್ ಇದ್ದರೆ 20. ಅದೂ ಒಂದೊಂದು ಪೋರ್ಟಿಗೆ. "ಎ ಸರ್ವರ್‌ನಿಂದ ಬಿ ಸರ್ವರ್‌ಗೆ ಹೋಗ್ತಿದೆ, ಅಂದ್ರೆ ನೆಟ್‌ವರ್ಕ್ ಸರಿ ಇದೆ" ಅನ್ನುವ ಮಾತು ಇಲ್ಲಿ ನಿಲ್ಲುವುದಿಲ್ಲ. ಬಿಯಿಂದ ಎಗೆ ಹೋಗುವುದು ಬೇರೆಯದೇ ರೂಲ್, ಬೇರೆಯದೇ ಸರ್ವರ್‌ನ ಫೈರ್‌ವಾಲ್.

ಇನ್ನೊಂದು ವಿಷಯ. ಕೆಲವು ಪೋರ್ಟ್‌ಗಳು ದಿನವೂ ಕೆಲಸ ಮಾಡುತ್ತವೆ, ಕೆಲವು ಯಾವಾಗಲೋ ಒಮ್ಮೆ. ಕ್ಲಸ್ಟರ್ ಆಗಿ ಓಡುವ ಸಾಫ್ಟ್‌ವೇರ್‌ಗಳಲ್ಲಿ ಝೂಕೀಪರ್ ತೆಗೆದುಕೊಳ್ಳಿ. ಬಳಸುವವರು ಬರುವುದು 2181ಕ್ಕೆ, ಲೀಡರ್ ಜೊತೆ ಮಾತು 2888ರಲ್ಲಿ, ಲೀಡರ್ ಆರಿಸುವ ಚುನಾವಣೆ 3888ರಲ್ಲಿ. ರೆಡಿಸ್ ಕ್ಲಸ್ಟರ್‌ನಲ್ಲಿ 6379 ಎಲ್ಲರಿಗೂ ಗೊತ್ತು. ಆದರೆ ನೋಡ್‌ಗಳು ತಮ್ಮೊಳಗೆ ಮಾತಾಡುವುದು ಅದಕ್ಕೆ 10000 ಸೇರಿಸಿದ ಪೋರ್ಟಿನಲ್ಲಿ, ಅಂದರೆ 16379ರಲ್ಲಿ. ಇದನ್ನು ಮರೆತವರು ಬಹಳ. ಎಟ್‌ಸಿಡಿಯಲ್ಲಿ 2379 ಬಳಸುವವರಿಗೆ, 2380 ನೋಡ್‌ಗಳ ನಡುವೆ. ಎಲಾಸ್ಟಿಕ್‌ಸರ್ಚ್‌ನಲ್ಲಿ 9200 ಹೊರಗಿನವರಿಗೆ, 9300 ಒಳಮಾತಿಗೆ. ರ‍್ಯಾಬಿಟ್‌ಎಂಕ್ಯೂನಲ್ಲಿ 5672 ತೆರೆದರೆ ಸಾಲದು, 4369 ಮತ್ತು 25672 ಕೂಡ ನೋಡ್‌ಗಳ ನಡುವೆ ತೆರೆದಿರಬೇಕು. ಇವೆಲ್ಲ ಡೀಫಾಲ್ಟ್ ಅಂಕಿಗಳು. ನಿಮ್ಮಲ್ಲಿ ಬದಲಾಯಿಸಿದ್ದಾರಾ ಅಂತ ಕಾನ್ಫಿಗ್ ಫೈಲ್ ತೆರೆದು ನೋಡಿಯೇ ಮುಂದೆ ಹೋಗಿ.

ಹಾಗಾಗಿ ಶುರುವಿನಲ್ಲೇ ಒಂದು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ: ಯಾರು, ಯಾರಿಗೆ, ಯಾವ ಪೋರ್ಟು, ಟಿಸಿಪಿಯಾ ಯುಡಿಪಿಯಾ (ಟಿಸಿಪಿ ಮೊದಲು ಸಂಪರ್ಕ ಕಟ್ಟಿಕೊಂಡು ಮಾತಾಡುತ್ತದೆ, ಯುಡಿಪಿ ನೇರವಾಗಿ ಕಳಿಸಿಬಿಡುತ್ತದೆ), ಯಾವ ಸಂದರ್ಭದಲ್ಲಿ. ಸಂಪರ್ಕವನ್ನು ಮೊದಲು ಶುರು ಮಾಡುವವರು ಯಾರು ಅನ್ನುವ ಕಾಲಂ ಬಿಡಲೇಬೇಡಿ. ಮುಂದೆ ಬರುವ ಉದಾಹರಣೆಯಲ್ಲಿ ಇಡೀ ತೊಂದರೆ ಆ ಒಂದು ಕಾಲಂನಲ್ಲಿ ಕೂತಿದೆ.

## ಎರರ್ ಏನು ಹೇಳುತ್ತಿದೆ

ಬೇರೆ ನೋಡ್‌ನಿಂದ ಎನ್‌ಸಿ ಕಮಾಂಡಿನಲ್ಲಿ ಆ ಪೋರ್ಟಿಗೆ ಸಂಪರ್ಕ ಮಾಡಿ ನೋಡಿ. ಬರುವ ಉತ್ತರವನ್ನು ಗಮನವಿಟ್ಟು ಓದಿ. ಅದು ಹೇಗೆ ವಿಫಲವಾಯಿತು ಅನ್ನುವುದರಲ್ಲೇ ಅರ್ಧ ಉತ್ತರ ಇರುತ್ತದೆ.

ಸುಮ್ನೆ ಕಾಯುತ್ತಾ ಕೂತು ಕೊನೆಗೆ "ಕನೆಕ್ಷನ್ ಟೈಮ್ಡ್ ಔಟ್" ಅಂದರೆ, ದಾರಿಯಲ್ಲಿ ಯಾರೋ ಪ್ಯಾಕೆಟ್ಟನ್ನು ಸದ್ದಿಲ್ಲದೆ ಬಿಸಾಡುತ್ತಿದ್ದಾರೆ. ಡ್ರಾಪ್ ಅನ್ನುವ ರೂಲ್ ಮಾಡುವ ಕೆಲಸ ಇದೇ. ಕ್ಲೌಡ್‌ನ ಸೆಕ್ಯುರಿಟಿ ಗ್ರೂಪ್‌ಗಳೂ (ಸರ್ವರ್‌ನ ಹೊರಗೆ ಕ್ಲೌಡ್ ಇಟ್ಟಿರುವ ಫೈರ್‌ವಾಲ್) ಹೀಗೇ ಮಾಡುತ್ತವೆ. ಲಿನಕ್ಸ್ ತನ್ನ ಪಾಡಿಗೆ ಸಿನ್ ಪ್ಯಾಕೆಟ್ಟನ್ನು (ಟಿಸಿಪಿ ಸಂಪರ್ಕ ಕೇಳುವ ಮೊದಲ ಪ್ಯಾಕೆಟ್) ಮತ್ತೆ ಮತ್ತೆ ಕಳಿಸುತ್ತದೆ. ಹಳೆಯ ಕರ್ನೆಲ್‌ಗಳಲ್ಲಿ 1, 2, 4, 8 ಹೀಗೆ ಅಂತರ ದುಪ್ಪಟ್ಟಾಗುತ್ತಾ ಹೋಗಿ, ಡೀಫಾಲ್ಟ್ ಲೆಕ್ಕದಲ್ಲಿ 127 ಸೆಕೆಂಡಿಗೆ ಕೈಬಿಡುತ್ತದೆ. ಲಾಗ್‌ನಲ್ಲಿ ಎರಡು ನಿಮಿಷದ ಆಸುಪಾಸಿನ ಅಂತರ ಪದೇ ಪದೇ ಕಂಡರೆ ಇದನ್ನು ನೆನಪಿಸಿಕೊಳ್ಳಿ.

ತಕ್ಷಣ "ಕನೆಕ್ಷನ್ ರಿಫ್ಯೂಸ್ಡ್" ಬಂದರೆ ಹೆಚ್ಚಿನ ಸಲ ಅದು ಒಳ್ಳೆಯ ಸುದ್ದಿ. ಪ್ಯಾಕೆಟ್ ಆ ಸರ್ವರ್ ತನಕ ತಲುಪಿದೆ, ಫೈರ್‌ವಾಲ್ ಒಳಗೆ ಬಿಟ್ಟಿದೆ, ಆದರೆ ಆ ಪೋರ್ಟಿನಲ್ಲಿ ಯಾರೂ ಕಾಯುತ್ತಿಲ್ಲ. ಹಾಗಂತ ಪೂರ್ತಿ ನಂಬಬೇಡಿ. ಐಪಿಟೇಬಲ್ಸ್‌ನ ರಿಜೆಕ್ಟ್ ರೂಲ್ ಬೇರೇನೂ ಹೇಳದಿದ್ದರೆ "ಪೋರ್ಟ್ ಅನ್‌ರೀಚಬಲ್" ಅನ್ನುವ ಐಸಿಎಂಪಿ (ನೆಟ್‌ವರ್ಕ್‌ನ ತೊಂದರೆ ತಿಳಿಸುವ ಸಂದೇಶ) ಕಳಿಸುತ್ತದೆ. ಲಿನಕ್ಸ್ ಅದನ್ನೂ ರಿಫ್ಯೂಸ್ಡ್ ಅಂತಲೇ ತೋರಿಸುತ್ತದೆ. ಬಂದದ್ದು ಆರ್‌ಎಸ್‌ಟಿಯಾ (ಸಂಪರ್ಕ ಬೇಡ ಅನ್ನುವ ಟಿಸಿಪಿ ರೀಸೆಟ್) ಐಸಿಎಂಪಿಯಾ ಅಂತ ಟಿಸಿಪಿಡಂಪ್‌ನಲ್ಲಿ (ಹೋಗಿ ಬರುವ ಪ್ಯಾಕೆಟ್ಟುಗಳನ್ನು ತೋರಿಸುವ ಕಮಾಂಡ್) ನೋಡಿದರೆ ಗೊತ್ತಾಗಿಬಿಡುತ್ತದೆ. ಐಸಿಎಂಪಿ ಇದ್ದರೆ ಫೈರ್‌ವಾಲ್ ಕೆಲಸ. ಆರ್‌ಎಸ್‌ಟಿ ಇದ್ದರೆ ಬಹುತೇಕ ಸರ್ವೀಸೇ ಓಡುತ್ತಿಲ್ಲ. ಟಿಸಿಪಿ ರೀಸೆಟ್ ಕಳಿಸು ಅಂತ ಬರೆದ ರಿಜೆಕ್ಟ್ ರೂಲ್ ಇದ್ದರೆ ಮಾತ್ರ ಫೈರ್‌ವಾಲೇ ಆರ್‌ಎಸ್‌ಟಿ ಕಳಿಸುತ್ತದೆ.

ಮೂರನೆಯದು ಎಲ್ಲರನ್ನೂ ದಾರಿ ತಪ್ಪಿಸುವ ಎರರ್: "ನೋ ರೂಟ್ ಟು ಹೋಸ್ಟ್". ಓದಿದ ಕೂಡಲೇ ಜನ ರೂಟಿಂಗ್ ಟೇಬಲ್ ಹುಡುಕಲು ಹೋಗುತ್ತಾರೆ. ಆದರೆ ಅದೇ ಸರ್ವರ್‌ಗೆ ಪಿಂಗ್ ಆಗುತ್ತಿದ್ದು, ಈ ಒಂದು ಪೋರ್ಟಿಗೆ ಮಾತ್ರ ಈ ಎರರ್ ಬಂದರೆ ಅದು ಫೈರ್‌ವಾಲ್. ಲಿನಕ್ಸ್‌ನ ಫೈರ್‌ವಾಲ್ ನೋಡಿಕೊಳ್ಳುವ ಫೈರ್‌ವಾಲ್‌ಡಿ ತಾನು ಬಿಡದ ಪ್ಯಾಕೆಟ್ಟಿಗೆ "ಅಡ್ಮಿನ್ ಪ್ರಾಹಿಬಿಟೆಡ್" ಜಾತಿಯ ಐಸಿಎಂಪಿ ಉತ್ತರ ಕೊಡುತ್ತದೆ. ಕರ್ನೆಲ್ ಅದನ್ನು "ನೋ ರೂಟ್ ಟು ಹೋಸ್ಟ್" ಅಂತ ತಿರುಗಿಸಿ ಹೇಳುತ್ತದೆ. ಇದೊಂದು ಗೊತ್ತಿದ್ದರೆ ಗಂಟೆಗಟ್ಟಲೆ ಸಮಯ ಉಳಿಯುತ್ತದೆ.

ನಾಲ್ಕನೆಯದು ಅಪರೂಪ. ಪಿಂಗ್ ಮಾಡಿದಾಗಲೋ ಯುಡಿಪಿ ಕಳಿಸುವಾಗಲೋ "ಆಪರೇಷನ್ ನಾಟ್ ಪರ್ಮಿಟೆಡ್" ಅಂದರೆ, ಎದುರಿನ ಸರ್ವರ್ ಕಡೆ ನೋಡಲೇಬೇಡಿ. ನಿಮ್ಮದೇ ಸರ್ವರ್‌ನ ಔಟ್‌ಪುಟ್ ರೂಲ್ ಹೊರಗೆ ಹೋಗುವುದನ್ನು ತಡೆಯುತ್ತಿದೆ.

## ಆ ಪೋರ್ಟಿನಲ್ಲಿ ಯಾರಾದರೂ ಕಾಯುತ್ತಿದ್ದಾರಾ

ಇದು ಎರಡು ನಿಮಿಷದ ಕೆಲಸ, ಆದರೆ ಬಿಡುವಂತಿಲ್ಲ. ಎಸ್‌ಎಸ್ ಕಮಾಂಡಿಗೆ ಟಿ, ಎಲ್, ಎನ್, ಪಿ ಆಯ್ಕೆಗಳನ್ನು ಕೊಟ್ಟರೆ ಯಾವ ಪ್ರೋಗ್ರಾಂ ಯಾವ ವಿಳಾಸದಲ್ಲಿ ಕಾಯುತ್ತಿದೆ ಅಂತ ತೋರಿಸುತ್ತದೆ. ವಿಳಾಸದ ಕಾಲಂ ನೋಡಿ. 127.0.0.1 ಅಂತಿದ್ದರೆ ಸರ್ವೀಸ್ ತನ್ನ ಸರ್ವರ್‌ನೊಳಗೆ ಮಾತ್ರ ಕೇಳುತ್ತಿದೆ. ಜಗತ್ತಿನ ಎಲ್ಲ ಫೈರ್‌ವಾಲ್ ತೆರೆದರೂ ಪಕ್ಕದ ನೋಡ್‌ಗೆ ಅದು ಸಿಗುವುದಿಲ್ಲ. ಸರ್ವರ್‌ಗೆ ಎರಡು ನೆಟ್‌ವರ್ಕ್ ಕಾರ್ಡ್ ಇದ್ದು, ಬೇರೆ ಕಾರ್ಡಿನ ವಿಳಾಸದಲ್ಲಿ ಕೂತಿದ್ದರೂ ಹೀಗೇ.

ಸರ್ವೀಸ್ ಇನ್ನೂ ಹಾಕಿಲ್ಲ, ದಾರಿ ಮಾತ್ರ ಪರೀಕ್ಷೆ ಮಾಡಬೇಕು ಅಂದರೆ ಆ ಸರ್ವರ್‌ನಲ್ಲಿ ಎನ್‌ಸಿಯನ್ನೇ ಅದೇ ಪೋರ್ಟಿನಲ್ಲಿ ಕೇಳಲು ಕೂರಿಸಿ. ಇನ್ನೊಂದು ಕಡೆಯಿಂದ ಅಕ್ಷರ ಟೈಪ್ ಮಾಡಿ. ಇಲ್ಲಿ ಮೂಡಿದರೆ ದಾರಿ ಸರಿ ಇದೆ.

## ಎರಡೂ ತುದಿಯಲ್ಲಿ ಟಿಸಿಪಿಡಂಪ್

ನನ್ನ ಮಟ್ಟಿಗೆ ಇಡೀ ಕೆಲಸದ ತಿರುಳು ಇದೇ. ಬೇರೆ ಏನು ಬಿಟ್ಟರೂ ಇದನ್ನು ಬಿಡಬೇಡಿ. ಎರಡು ಟರ್ಮಿನಲ್ ಪಕ್ಕಪಕ್ಕ ತೆರೆಯಿರಿ. ಒಂದರಲ್ಲಿ ಕಳಿಸುವ ಸರ್ವರ್, ಇನ್ನೊಂದರಲ್ಲಿ ಪಡೆಯುವ ಸರ್ವರ್. ಎರಡರಲ್ಲೂ ಟಿಸಿಪಿಡಂಪ್ ಓಡಿಸಿ, ಆಮೇಲೆ ಒಂದೇ ಒಂದು ಸಂಪರ್ಕಕ್ಕೆ ಪ್ರಯತ್ನಿಸಿ.

ಟಿಸಿಪಿಡಂಪ್ ಎಲ್ಲಿ ನಿಂತು ನೋಡುತ್ತದೆ ಅನ್ನುವುದು ತಿಳಿದಿರಬೇಕು. ಒಳಗೆ ಬರುವ ಪ್ಯಾಕೆಟ್ಟನ್ನು ಅದು ಲೋಕಲ್ ಫೈರ್‌ವಾಲ್‌ಗಿಂತ ಮೊದಲೇ ನೋಡುತ್ತದೆ. ಹೊರಗೆ ಹೋಗುವುದನ್ನು ಫೈರ್‌ವಾಲ್ ದಾಟಿದ ಮೇಲೆ ನೋಡುತ್ತದೆ. ಇದರಿಂದ ಉತ್ತರ ತಾನಾಗಿಯೇ ಬರುತ್ತದೆ. ಕಳಿಸುವ ಕಡೆಯೇ ಸಿನ್ ಕಾಣದಿದ್ದರೆ ಅದೇ ಸರ್ವರ್‌ನ ಔಟ್‌ಪುಟ್ ರೂಲ್ ತಡೆದಿದೆ, ಇಲ್ಲವೇ ಪ್ಯಾಕೆಟ್ ಬೇರೆ ಕಾರ್ಡಿನಿಂದ ಹೊರಟಿದೆ. ಕಳಿಸುವ ಕಡೆ ಕಂಡು, ಪಡೆಯುವ ಕಡೆ ಕಾಣದಿದ್ದರೆ ಎರಡು ಸರ್ವರ್‌ಗಳ ಮಧ್ಯೆ ಇರುವ ಏನೋ ತಡೆದಿದೆ: ಕ್ಲೌಡ್‌ನ ಸೆಕ್ಯುರಿಟಿ ಗ್ರೂಪ್, ಸ್ವಿಚ್ಚಿನ ಅನುಮತಿ ಪಟ್ಟಿ (ಎಸಿಎಲ್), ಮಧ್ಯದ ಫೈರ್‌ವಾಲ್ ಬಾಕ್ಸ್. ಈ ಸಂದರ್ಭದಲ್ಲಿ ಸರ್ವರ್‌ನೊಳಗೆ ಎಷ್ಟು ರೂಲ್ ಬದಲಾಯಿಸಿದರೂ ವ್ಯರ್ಥ. ಪಡೆಯುವ ಕಡೆ ಸಿನ್ ಬಂದದ್ದು ಕಂಡು, ಉತ್ತರವೇ ಇಲ್ಲದಿದ್ದರೆ ಆ ಸರ್ವರ್‌ನ ಒಳಗೇ ಅದು ಸತ್ತಿದೆ. ಸಿನ್-ಆಕ್ (ಸಿನ್‌ಗೆ ಒಪ್ಪಿಗೆಯ ಉತ್ತರ) ಹೊರಟಿದ್ದು ಕಂಡು, ಅದು ಕಳಿಸಿದವರಿಗೆ ತಲುಪದಿದ್ದರೆ ವಾಪಸ್ ದಾರಿಯಲ್ಲಿ ತೊಂದರೆ.

ಈ ಕೊನೆಯದನ್ನು ಕ್ಲೌಡ್‌ನಲ್ಲಿ ಜಾಸ್ತಿ ನೋಡುತ್ತೇವೆ. ಅಮೆಜಾನ್‌ನ ಕ್ಲೌಡ್ ಎಡಬ್ಲ್ಯುಎಸ್‌ನಲ್ಲಿ ಸೆಕ್ಯುರಿಟಿ ಗ್ರೂಪ್‌ಗೆ ಸಂಪರ್ಕದ ನೆನಪಿರುತ್ತದೆ, ಉತ್ತರಕ್ಕೆ ಬೇರೆ ರೂಲ್ ಬೇಡ. ಆದರೆ ಸಬ್‌ನೆಟ್‌ಗೆ ಹಾಕುವ ನೆಟ್‌ವರ್ಕ್ ಎಸಿಎಲ್‌ಗೆ ಆ ನೆನಪಿಲ್ಲ. ಉತ್ತರ ವಾಪಸ್ ಹೋಗುವ ಪೋರ್ಟುಗಳನ್ನೂ ಅಲ್ಲಿ ತೆರೆದಿಡಬೇಕು. ಲಿನಕ್ಸ್ ಡೀಫಾಲ್ಟ್ ಆಗಿ 32768ರಿಂದ 60999ರವರೆಗಿನ ಪೋರ್ಟುಗಳಿಂದ ಸಂಪರ್ಕ ಶುರು ಮಾಡುತ್ತದೆ. ಉತ್ತರ ಬರುವುದು ಅಲ್ಲಿಗೇ.

ಫಿಲ್ಟರ್ ಬರೆಯುವಾಗ ಒಂದು ಎಚ್ಚರಿಕೆ. ಬರೀ ಪೋರ್ಟ್ ನಂಬರ್ ಕೊಟ್ಟರೆ ಫೈರ್‌ವಾಲ್ ಕಳಿಸುವ ಐಸಿಎಂಪಿ ಉತ್ತರ ಅದರಲ್ಲಿ ಕಾಣಿಸುವುದೇ ಇಲ್ಲ. ನೋಡಿದವರು "ಉತ್ತರ ಬರ್ತಿಲ್ಲ, ಡ್ರಾಪ್ ಆಗ್ತಿದೆ" ಅಂದುಕೊಳ್ಳುತ್ತಾರೆ. ಪೋರ್ಟ್ ನಂಬರ್ ಜೊತೆಗೆ "ಆರ್ ಐಸಿಎಂಪಿ" ಅಂತ ಸೇರಿಸಿ.

## ಒಂದು ಉದಾಹರಣೆ, ಹತ್ತಿರದಿಂದ

ಮೂರು ನೋಡ್‌ಗಳ ಗಲೇರಾ ಡೇಟಾಬೇಸ್ ಕ್ಲಸ್ಟರ್ ಅಂದುಕೊಳ್ಳಿ. ಎ ನೋಡ್ 10.0.5.11, ಬಿ 10.0.5.12, ಇಬ್ಬರೂ ಚೆನ್ನಾಗಿದ್ದಾರೆ. ಹೊಸದಾಗಿ ಸೇರಬೇಕಾದ ಸಿ ನೋಡ್ 10.0.5.13. ಗಲೇರಾಗೆ ಬೇಕಾದ ಪೋರ್ಟುಗಳು ನಾಲ್ಕು. 3306 ಬಳಸುವವರಿಗೆ. 4567 ನೋಡ್‌ಗಳ ಗುಂಪಿನ ಮಾತಿಗೆ. 4568 ಸ್ವಲ್ಪ ಹಿಂದೆ ಬಿದ್ದ ನೋಡ್‌ಗೆ ಉಳಿದ ಬದಲಾವಣೆ ಕಳಿಸಲು. 4444 ಹೊಸ ನೋಡ್‌ಗೆ ಇಡೀ ಡೇಟಾ ಕಳಿಸಲು.

ಸಿ ನೋಡ್ ಶುರು ಮಾಡಿದಾಗ ಗುಂಪಿಗೆ ಸೇರುತ್ತದೆ. ಎ ನೋಡ್‌ನಲ್ಲಿ ಕೇಳಿದರೆ ಕ್ಲಸ್ಟರ್ ಸೈಜ್ 3 ಅಂತಲೂ ತೋರಿಸುತ್ತದೆ. ಆಮೇಲೆ ಸಿ ಅಲ್ಲೇ ನಿಂತುಬಿಡುತ್ತದೆ. ಅದರ ಲಾಗ್‌ನಲ್ಲಿ ಡೇಟಾಗಾಗಿ ಕಾಯುತ್ತಿದ್ದೇನೆ ಅನ್ನುವ ಸಾಲು, ಕೊನೆಗೆ ಸೋತೆ ಅನ್ನುವ ಸಾಲು. 4567 ಸರಿ ಇರುವುದರಿಂದ 4444 ಮೇಲೆ ಅನುಮಾನ ಬರುತ್ತದೆ. ಸಿ ನೋಡ್‌ನಿಂದ ಎ ನೋಡ್‌ನ 4444ಕ್ಕೆ ಎನ್‌ಸಿ ಮಾಡಿದರೆ "ಕನೆಕ್ಷನ್ ರಿಫ್ಯೂಸ್ಡ್". ಅಲ್ಲಿಗೆ ಎಲ್ಲರೂ ಎ ನೋಡ್‌ನ ಫೈರ್‌ವಾಲ್ ಕೆದಕಲು ಶುರು ಮಾಡುತ್ತಾರೆ.

ದಿಕ್ಕು ತಪ್ಪಿತು. ಇಲ್ಲಿ ಕಾಯುವವನು ಸಿ, ಕರೆ ಮಾಡುವವನು ಎ. ಡೇಟಾ ಪಡೆಯಬೇಕಾದ ನೋಡ್ 4444 ತೆರೆದು ಕೂರುತ್ತದೆ, ಕೊಡುವ ನೋಡ್ ಬಂದು ತುಂಬುತ್ತದೆ. 4568ರದ್ದೂ ಇದೇ ಕಥೆ. ಎ ನೋಡ್‌ನಲ್ಲಿ ಆ ಹೊತ್ತಿಗೆ 4444ರಲ್ಲಿ ಯಾರೂ ಕಾಯುವುದಿಲ್ಲ, ರಿಫ್ಯೂಸ್ಡ್ ಬರಲೇಬೇಕು. ಅದರಲ್ಲಿ ತಪ್ಪೇ ಇಲ್ಲ.

ಈಗ ಎ ನೋಡ್‌ನ ಲಾಗ್ ತೆರೆಯಿರಿ. ಡೇಟಾ ಕಳಿಸಲು ಹೋದ ಸೊಕ್ಯಾಟ್ ಪ್ರೋಗ್ರಾಂ "ನೋ ರೂಟ್ ಟು ಹೋಸ್ಟ್" ಅಂತ ಅಲ್ಲಿ ಬರೆದಿದೆ. ಸಿ ನೋಡ್‌ನಲ್ಲಿ ಎಸ್‌ಎಸ್ ಓಡಿಸಿದರೆ ಸೊಕ್ಯಾಟ್ 4444ರಲ್ಲಿ ಸರಿಯಾಗಿಯೇ ಕಾಯುತ್ತಿದೆ. ಸಿ ನೋಡ್‌ನ ಟಿಸಿಪಿಡಂಪ್‌ನಲ್ಲಿ ಎರಡೇ ಸಾಲು. ಮೊದಲನೆಯದು 10.0.5.11ರಿಂದ 10.0.5.13ರ 4444ಕ್ಕೆ ಬಂದ ಸಿನ್. ಅದರ ಬೆನ್ನಿಗೇ 10.0.5.13ರಿಂದ ವಾಪಸ್ ಹೊರಟ ಐಸಿಎಂಪಿ, ಅದರಲ್ಲಿ "ಅಡ್ಮಿನ್ ಪ್ರಾಹಿಬಿಟೆಡ್" ಅನ್ನುವ ಮಾತು. ಪ್ಯಾಕೆಟ್ ಬಂತು, ಸಿ ನೋಡ್‌ನ ಫೈರ್‌ವಾಲೇ ಅದನ್ನು ಹಿಂದೆ ಕಳಿಸಿತು. ಇನ್ನು ಊಹೆಗೆ ಜಾಗವಿಲ್ಲ.

ಆದರೆ ಸಿ ನೋಡ್‌ನಲ್ಲಿ ನಾಲ್ಕೂ ಪೋರ್ಟ್ ತೆರೆದಿದೆಯಲ್ಲ? ತೆರೆದಿದೆ, ಇಂಟರ್ನಲ್ ಅನ್ನುವ ಝೋನ್‌ನಲ್ಲಿ (ಫೈರ್‌ವಾಲ್‌ಡಿ ಕಾರ್ಡುಗಳಿಗೆ ಅನ್ವಯಿಸುವ ರೂಲ್‌ಗಳ ಗುಂಪು). ಫೈರ್‌ವಾಲ್-ಸಿಎಂಡಿಗೆ ಗೆಟ್-ಆಕ್ಟಿವ್-ಝೋನ್ಸ್ ಅಂತ ಕೇಳಿದರೆ ಕ್ಲಸ್ಟರ್‌ನ ಕಾರ್ಡ್ ಪಬ್ಲಿಕ್ ಝೋನ್‌ನಲ್ಲಿದೆ. ಯಾವ ಝೋನ್‌ಗೂ ಸೇರಿಸದ ಕಾರ್ಡ್ ಡೀಫಾಲ್ಟ್ ಝೋನ್‌ಗೆ ಹೋಗಿ ಕೂರುತ್ತದೆ. ಡೀಫಾಲ್ಟ್ ಸಾಮಾನ್ಯವಾಗಿ ಪಬ್ಲಿಕ್. ಹಾಗಿದ್ದರೆ 4567 ಹೇಗೆ ಕೆಲಸ ಮಾಡಿತು? ಸಿ ತಾನೇ ಎ ಕಡೆಗೆ ಸಂಪರ್ಕ ಶುರು ಮಾಡಿತ್ತು. ಹೊರಗೆ ಹೋಗುವುದಕ್ಕೆ ತಡೆಯಿಲ್ಲ, ಬಂದ ಉತ್ತರಗಳು ಅದೇ ಸಂಪರ್ಕದ ಭಾಗ. ಸಿ ನೋಡ್‌ನ ಒಳದಾರಿ ಮುಚ್ಚಿದೆ ಅನ್ನುವುದು ಅಲ್ಲಿಯ ತನಕ ಬಯಲಾಗುವ ಪ್ರಸಂಗವೇ ಬಂದಿರಲಿಲ್ಲ. ಕಾರ್ಡನ್ನು ಸರಿಯಾದ ಝೋನ್‌ಗೆ ಸೇರಿಸಿದರೆ ಮುಗಿಯಿತು.

## ರೂಲ್ ಇದೆ, ಆದರೂ ಬಿಡುತ್ತಿಲ್ಲ

ಝೋನ್ ತಪ್ಪಿರುವುದು ಒಂದು ಕಾರಣ. ಕ್ರಮ ತಪ್ಪಿರುವುದು ಇನ್ನೊಂದು. ಐಪಿಟೇಬಲ್ಸ್ ಮೇಲಿಂದ ಕೆಳಗೆ ಓದುತ್ತದೆ. ಎಲ್ಲವನ್ನೂ ರಿಜೆಕ್ಟ್ ಮಾಡುವ ಸಾಲಿನ ಕೆಳಗೆ ನಿಮ್ಮ ಅಕ್ಸೆಪ್ಟ್ ಸಾಲು ಹೋಗಿ ಕೂತರೆ ಅದು ಇದ್ದೂ ಇಲ್ಲದ ಹಾಗೆ. ಕೊನೆಗೆ ಸೇರಿಸುವ ಆಯ್ಕೆ ಬಳಸಿದಾಗ ಆಗುವುದು ಇದೇ. ಕೌಂಟರ್ ಸಮೇತ ರೂಲ್‌ಗಳನ್ನು ತೋರಿಸಿ ಅಂತ ಕೇಳಿ, ಒಂದು ಪ್ರಯತ್ನ ಮಾಡಿ, ಮತ್ತೆ ಕೇಳಿ. ನಿಮ್ಮ ಅಕ್ಸೆಪ್ಟ್ ಸಾಲಿನ ಅಂಕಿ ಸೊನ್ನೆಯಲ್ಲೇ ಇದ್ದು, ರಿಜೆಕ್ಟ್ ಸಾಲಿನ ಅಂಕಿ ಏರಿದರೆ ಉತ್ತರ ಸಿಕ್ಕಿತು.

ಐಪಿಟೇಬಲ್ಸ್ ಬದಲಿಗೆ ಬಂದ ಎನ್‌ಎಫ್‌ಟೇಬಲ್ಸ್‌ನಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಒಂದು ಟೇಬಲ್ ಅಕ್ಸೆಪ್ಟ್ ಅಂದ ಮಾತ್ರಕ್ಕೆ ಪ್ಯಾಕೆಟ್ ಗೆದ್ದ ಹಾಗಲ್ಲ, ಅದೇ ಹಂತದಲ್ಲಿರುವ ಬೇರೆ ಟೇಬಲ್‌ಗಳ ಚೈನ್‌ಗಳನ್ನೂ (ರೂಲ್‌ಗಳ ಸಾಲು) ಅದು ದಾಟಬೇಕು. ಆದರೆ ಯಾವುದಾದರೂ ಒಂದು ಕಡೆ ಡ್ರಾಪ್ ಆದರೆ ಅಲ್ಲಿಗೆ ಮುಗಿಯಿತು. ಫೈರ್‌ವಾಲ್‌ಡಿ ಒಂದು ಟೇಬಲ್ ಇಟ್ಟುಕೊಂಡಿರುತ್ತದೆ, ಯಾವುದೋ ಹಳೆಯ ಸ್ಕ್ರಿಪ್ಟ್ ಐಪಿಟೇಬಲ್ಸ್ ಮೂಲಕ ಇನ್ನೊಂದಿಷ್ಟು ಹಾಕಿರುತ್ತದೆ. ಫೈರ್‌ವಾಲ್‌ಡಿಯನ್ನು ಕೇಳಿದರೆ ಎಲ್ಲ ತೆರೆದಿದೆ ಅನ್ನುತ್ತದೆ, ತಡೆ ಇನ್ನೊಂದರಲ್ಲಿರುತ್ತದೆ. ಎನ್‌ಎಫ್‌ಟೇಬಲ್ಸ್‌ನ ಎನ್‌ಎಫ್‌ಟಿ ಕಮಾಂಡಿಗೆ ಇಡೀ ರೂಲ್‌ಸೆಟ್ ತೋರಿಸಲು ಹೇಳಿ. ಐಪಿಟೇಬಲ್ಸ್‌ನ ಹಳೆಯ ಲೆಗಸಿ ರೂಪದಲ್ಲಿ ಏನಾದರೂ ಉಳಿದಿದೆಯಾ ಅಂತ ಪ್ರತ್ಯೇಕವಾಗಿ ನೋಡಿ, ಏಕೆಂದರೆ ಅವು ಆ ಪಟ್ಟಿಯಲ್ಲಿ ಬರುವುದಿಲ್ಲ. ಇಷ್ಟಾದರೂ ಸಿಗದಿದ್ದರೆ ಎನ್‌ಎಫ್‌ಟ್ರೇಸ್ ಗುರುತು ಹಾಕಿ, ಎನ್‌ಎಫ್‌ಟಿ ಮಾನಿಟರ್ ಟ್ರೇಸ್ ಓಡಿಸಿ. ಒಂದು ಪ್ಯಾಕೆಟ್ ಯಾವ ಯಾವ ರೂಲ್ ದಾಟಿ ಎಲ್ಲಿ ಬಿತ್ತು ಅಂತ ಸಾಲು ಸಾಲಾಗಿ ಹೇಳುತ್ತದೆ. ಬಹಳ ಒಳ್ಳೆಯ ಸಾಧನ, ಬಳಸುವವರು ಕಡಿಮೆ.

ಮೂಲ ವಿಳಾಸವನ್ನೂ ನೋಡಿ. 10.0.5.0/24ರಿಂದ ಬಂದರೆ ಬಿಡು ಅಂತ ರೂಲ್ ಇದೆ. ಆದರೆ ಎರಡು ಕಾರ್ಡಿನ ಸರ್ವರ್ ಇನ್ನೊಂದು ಕಾರ್ಡಿನಿಂದ, ಬೇರೆ ವಿಳಾಸದಿಂದ ಕಳಿಸುತ್ತಿರಬಹುದು. ಐಪಿ ರೂಟ್ ಗೆಟ್ ಅಂತ ಎದುರಿನ ವಿಳಾಸ ಕೊಟ್ಟು ಕೇಳಿದರೆ ಯಾವ ಕಾರ್ಡು, ಯಾವ ಮೂಲ ವಿಳಾಸ ಅಂತ ಹೇಳುತ್ತದೆ. ಹೆಸರಿನಿಂದ ಸಂಪರ್ಕ ಮಾಡುವ ಕ್ಲಸ್ಟರ್ ಆದರೆ ಆ ಹೆಸರು ಐಪಿವಿ6 ವಿಳಾಸಕ್ಕೆ ಹೋಗುತ್ತಿದೆಯಾ ಅಂತಲೂ ನೋಡಿ. ಐಪಿವಿ4ಗೆ ಬರೆದ ರೂಲ್ ಐಪಿವಿ6ಗೆ ಅನ್ವಯಿಸುವುದಿಲ್ಲ.

ಡಾಕರ್ ಇರುವ ಕಡೆ ಲೆಕ್ಕ ತಲೆಕೆಳಗು. ಕಂಟೇನರ್‌ನಿಂದ ಹೊರಗೆ ತೆರೆದ ಪೋರ್ಟಿಗೆ ಬರುವ ಪ್ಯಾಕೆಟ್ ಇನ್‌ಪುಟ್ ಚೈನ್‌ಗೆ ಬರುವುದೇ ಇಲ್ಲ, ಫಾರ್ವರ್ಡ್ ಚೈನ್ ಮೂಲಕ ಹೋಗುತ್ತದೆ. ಯುಎಫ್‌ಡಬ್ಲ್ಯುನಲ್ಲಿ (ಉಬುಂಟುವಿನ ಫೈರ್‌ವಾಲ್ ಸಾಧನ) ಇನ್‌ಪುಟ್‌ಗೆ ಬರೆದ ರೂಲ್ ಅಲ್ಲಿ ನಡೆಯುವುದಿಲ್ಲ. ಅಂಥ ರೂಲ್‌ಗಳಿಗಾಗಿಯೇ ಡಾಕರ್-ಯೂಸರ್ ಅನ್ನುವ ಚೈನ್ ಇದೆ.

## ಯುಡಿಪಿ ಬಂದರೆ ಎನ್‌ಸಿಯನ್ನು ನಂಬಬೇಡಿ

ಯುಡಿಪಿಯಲ್ಲಿ ಕೈಕುಲುಕುವ ಶಾಸ್ತ್ರವಿಲ್ಲ. ಎನ್‌ಸಿ ಯುಡಿಪಿ ಪರೀಕ್ಷೆಯಲ್ಲಿ "ಸಕ್ಸೀಡೆಡ್" ಅಂದರೆ ಅದರ ಅರ್ಥ ವಾಪಸ್ ಎರರ್ ಬರಲಿಲ್ಲ ಅಂತಷ್ಟೇ. ಡ್ರಾಪ್ ಆದರೂ ಹಾಗೇ ಹೇಳುತ್ತದೆ. ಇಲ್ಲಿ ಎರಡು ತುದಿಯ ಟಿಸಿಪಿಡಂಪ್ ಬಿಟ್ಟರೆ ಬೇರೆ ದಾರಿಯಿಲ್ಲ.

ನೋಡ್‌ಗಳು ಪರಸ್ಪರ ಬದುಕಿವೆಯಾ ಅಂತ ನೋಡಿಕೊಳ್ಳುವ ಕೊರೊಸಿಂಕ್ ಡೀಫಾಲ್ಟ್ ಆಗಿ ಯುಡಿಪಿ 5405 ಬಳಸುತ್ತದೆ. ಜೊತೆಗೆ 5404 ತೆರೆಯುವುದೂ ರೂಢಿ. ಅಂಥ ಕ್ಲಸ್ಟರನ್ನು ನಿರ್ವಹಿಸುವ ಪಿಸಿಎಸ್‌ಡಿ ಮಾತ್ರ ಟಿಸಿಪಿ 2224. ಹಾಗಾಗಿ ನೋಡ್‌ಗಳ ದೃಢೀಕರಣ ಸಲೀಸಾಗಿ ಆಗಿ, ಕ್ಲಸ್ಟರ್ ಶುರು ಮಾಡಿದಾಗ ಪ್ರತಿ ನೋಡ್ ತಾನೊಬ್ಬನೇ ಇದ್ದೇನೆ ಅಂದುಕೊಳ್ಳುವುದು ಸಾಧ್ಯ. 2224 ತೆರೆದು 5405 ಮರೆತರೆ ಹೀಗಾಗುತ್ತದೆ. ಹಳೆಯ ಕೊರೊಸಿಂಕ್‌ನಲ್ಲಿ ಮಲ್ಟಿಕಾಸ್ಟ್ (ಒಂದೇ ಪ್ಯಾಕೆಟ್ಟನ್ನು ಹಲವರಿಗೆ ಕಳಿಸುವುದು) ಇದ್ದರೆ ಅದು ಯಾರಿಗೆ ಬೇಕು ಅಂತ ನೋಡಿ ತಲುಪಿಸುವ ಸ್ವಿಚ್ಚಿನ ಐಜಿಎಂಪಿ ಸ್ನೂಪಿಂಗ್ ಕೂಡ ಅನುಮಾನದ ಪಟ್ಟಿಗೆ ಸೇರುತ್ತದೆ.

ಸರ್ವರ್‌ಗಳು ಒಂದು ಐಪಿ ವಿಳಾಸವನ್ನು ಹಂಚಿಕೊಳ್ಳಲು ಕೀಪ್‌ಅಲೈವ್‌ಡಿ ಬಳಸುವವರು ಗಮನಿಸಿ: ಅದು ಮಾತಾಡುವ ವಿಆರ್‌ಆರ್‌ಪಿ ಟಿಸಿಪಿಯೂ ಅಲ್ಲ, ಯುಡಿಪಿಯೂ ಅಲ್ಲ. ಅದು ಐಪಿ ಪ್ರೋಟೋಕಾಲ್ 112, ಹೋಗುವುದು 224.0.0.18ಕ್ಕೆ. ಪೋರ್ಟ್ ತೆರೆಯುತ್ತೇನೆ ಅಂದರೆ ತೆರೆಯಲು ಅಲ್ಲಿ ಪೋರ್ಟೇ ಇಲ್ಲ, ಪ್ರೋಟೋಕಾಲನ್ನೇ ಬಿಡಬೇಕು. ಬಿಡದಿದ್ದರೆ ಎರಡು ಸರ್ವರ್‌ಗಳೂ ತಾವೇ ಮಾಸ್ಟರ್ ಅಂತ ಒಂದೇ ವಿಳಾಸವನ್ನು ಹಿಡಿದುಕೊಳ್ಳುತ್ತವೆ.

ಕುಬರ್ನೆಟಿಸ್‌ನಲ್ಲಿ ಒಂದೇ ನೋಡ್‌ನ ಪಾಡ್‌ಗಳು (ಕಂಟೇನರ್‌ಗಳ ಗುಂಪುಗಳು) ಮಾತಾಡಿಕೊಂಡು, ಬೇರೆ ನೋಡ್‌ನ ಪಾಡ್‌ಗೆ ಮಾತ್ರ ಹೋಗದಿದ್ದರೆ, ನೋಡ್‌ಗಳ ನಡುವೆ ಪಾಡ್‌ಗಳ ಪ್ಯಾಕೆಟ್ಟನ್ನು ಸುತ್ತಿ ಸಾಗಿಸುವ ವಿಎಕ್ಸ್‌ಲ್ಯಾನ್‌ನ ಪೋರ್ಟ್ ನೋಡಿ. ಪಾಡ್‌ಗಳಿಗೆ ನೆಟ್‌ವರ್ಕ್ ಕೊಡುವ ಫ್ಲಾನೆಲ್ ಲಿನಕ್ಸ್‌ನಲ್ಲಿ ಯುಡಿಪಿ 8472 ಬಳಸುತ್ತದೆ, ವಿಎಕ್ಸ್‌ಲ್ಯಾನ್‌ಗೆ ಅಧಿಕೃತವಾಗಿ ಕೊಟ್ಟದ್ದು 4789. ನೋಡ್‌ಗಳೆಲ್ಲ ರೆಡಿ ಅಂತಲೇ ಇರುತ್ತವೆ, ಯಾಕೆಂದರೆ ಆ ಸುದ್ದಿ ಹೋಗುವುದು ಎಪಿಐ ಸರ್ವರ್‌ನ 6443ಕ್ಕೆ.

## ಮೊದಲು ಚೆನ್ನಾಗಿದ್ದು ಆಮೇಲೆ ಕೆಡುವುದು

ಬೆಳಿಗ್ಗೆ ಮೊದಲ ರಿಕ್ವೆಸ್ಟ್ ಮಾತ್ರ ಸಿಕ್ಕಿಹಾಕಿಕೊಳ್ಳುತ್ತದೆ, ಆಮೇಲೆ ಸರಿ. ಇದು ಸುಮ್ಮನಿದ್ದ ಸಂಪರ್ಕವನ್ನು ಮಧ್ಯದ ಫೈರ್‌ವಾಲ್ ಮರೆತುಬಿಟ್ಟ ಲಕ್ಷಣ. ಲಿನಕ್ಸ್‌ನ ಕನೆಕ್ಷನ್ ಟ್ರ್ಯಾಕಿಂಗ್ ನಡೆಯುತ್ತಿರುವ ಟಿಸಿಪಿ ಸಂಪರ್ಕವನ್ನು ಡೀಫಾಲ್ಟ್ ಆಗಿ 432000 ಸೆಕೆಂಡ್, ಅಂದರೆ 5 ದಿನ ನೆನಪಿಡುತ್ತದೆ. ಆದರೆ ಮಧ್ಯದ ಪೆಟ್ಟಿಗೆಗಳಿಗೆ ಅಷ್ಟು ತಾಳ್ಮೆ ಇರುವುದಿಲ್ಲ. ಎಡಬ್ಲ್ಯುಎಸ್‌ನ ನ್ಯಾಟ್ ಗೇಟ್‌ವೇ 350 ಸೆಕೆಂಡಿಗೆ ಮರೆಯುತ್ತದೆ. ಲಿನಕ್ಸ್‌ನ ಟಿಸಿಪಿ ಕೀಪ್‌ಅಲೈವ್ ಡೀಫಾಲ್ಟ್ ಆಗಿ ಮೊದಲ ಸಲ ಎಚ್ಚರಿಸುವುದು 7200 ಸೆಕೆಂಡ್ ಆದ ಮೇಲೆ. ಅದೂ ಪ್ರೋಗ್ರಾಂ ಕೀಪ್‌ಅಲೈವ್ ಕೇಳಿದ್ದರೆ ಮಾತ್ರ. ಆ ಅವಧಿಯನ್ನು ಮಧ್ಯದವನ ಅವಧಿಗಿಂತ ಕೆಳಗಿಳಿಸಿ.

ಲೋಡ್ ಜಾಸ್ತಿ ಆದಾಗ ಮಾತ್ರ ಅಲ್ಲೊಂದು ಇಲ್ಲೊಂದು ಸಂಪರ್ಕ ಬಿದ್ದುಹೋಗುತ್ತಿದ್ದರೆ ಡಿಮೆಸೇಜ್ (ಕರ್ನೆಲ್‌ನ ಲಾಗ್) ನೋಡಿ. "ಟೇಬಲ್ ಫುಲ್, ಡ್ರಾಪಿಂಗ್ ಪ್ಯಾಕೆಟ್" ಅಂತ ಎನ್‌ಎಫ್-ಕಾನ್‌ಟ್ರ್ಯಾಕ್ ಹೇಳುತ್ತಿದ್ದರೆ ರೂಲ್‌ಗಳದ್ದೇನೂ ತಪ್ಪಿಲ್ಲ, ನೆನಪಿಡುವ ಜಾಗ ತುಂಬಿದೆ. ಮಿತಿ ಏರಿಸಿ, ಜೊತೆಗೆ ಯಾರು ಅಷ್ಟೊಂದು ಸಂಪರ್ಕ ತೆರೆಯುತ್ತಿದ್ದಾರೆ ಅಂತ ಹುಡುಕಿ.

ಸಣ್ಣದು ಹೋಗಿ ದೊಡ್ಡದು ನಿಲ್ಲುವುದು ಇನ್ನೊಂದು ಬಗೆ. ಲಾಗಿನ್ ಆಗುತ್ತದೆ, ಸಣ್ಣ ಕ್ವೆರಿ ಬರುತ್ತದೆ, ದೊಡ್ಡ ಉತ್ತರ ಬರಬೇಕಾದಾಗ ಗಕ್ಕನೆ ನಿಲ್ಲುತ್ತದೆ. ಇದು ಎಂಟಿಯು, ಅಂದರೆ ದಾರಿಯಲ್ಲಿ ಒಂದು ಪ್ಯಾಕೆಟ್ಟಿಗೆ ಇರಬಹುದಾದ ಗರಿಷ್ಠ ಗಾತ್ರದ ತೊಂದರೆ. ಐಪಿವಿ4 ಮೇಲಿನ ವಿಎಕ್ಸ್‌ಲ್ಯಾನ್ ಪ್ರತಿ ಪ್ಯಾಕೆಟ್ಟಿಗೆ 50 ಬೈಟ್ ಸೇರಿಸುತ್ತದೆ, ಹಾಗಾಗಿ 1500ರ ದಾರಿಯಲ್ಲಿ ಒಳಗೆ 1450 ಇರಬೇಕು. ಪ್ಯಾಕೆಟ್ ದೊಡ್ಡದಾಯಿತು ಅಂತ ತಿಳಿಸುವ ಐಸಿಎಂಪಿಯನ್ನು ಯಾರೋ "ಐಸಿಎಂಪಿ ಅಪಾಯ" ಅಂತ ಪೂರ್ತಿ ಮುಚ್ಚಿದ್ದರೆ ಕಳಿಸುವವನಿಗೆ ಸುದ್ದಿಯೇ ತಲುಪುವುದಿಲ್ಲ. ತುಂಡು ಮಾಡಬೇಡ ಅಂತ ಹೇಳಿ 1472 ಗಾತ್ರದ ಪಿಂಗ್ ಕಳಿಸಿ ನೋಡಿ. 28 ಬೈಟ್ ಹೆಡರ್ ಸೇರಿ ಸರಿಯಾಗಿ 1500 ಆಗುತ್ತದೆ. ಅದು ಹೋಗದೆ ಇನ್ನೂ ಸಣ್ಣದು ಹೋದರೆ ಪೋರ್ಟ್ ರೂಲ್ ಬಿಟ್ಟು ಎಂಟಿಯು ಹಿಡಿಯಿರಿ.

ಫೈರ್‌ವಾಲ್ ಅನ್ನಿಸಿ ಫೈರ್‌ವಾಲ್ ಅಲ್ಲದವು ಇನ್ನೆರಡು ಇವೆ. ಸಿನ್ ಬಂದಿದೆ, ಯಾವ ರೂಲ್‌ನ ಕೌಂಟರೂ ಏರುತ್ತಿಲ್ಲ, ಸರ್ವರ್‌ಗೆ ಎರಡು ಕಾರ್ಡ್ ಇವೆ ಅಂದರೆ ಕರ್ನೆಲ್‌ನ ಆರ್‌ಪಿ ಫಿಲ್ಟರ್ ಸೆಟ್ಟಿಂಗ್ ನೋಡಿ. ಬೆಲೆ 1 ಇದ್ದಾಗ ವಾಪಸ್ ದಾರಿ ಅದೇ ಕಾರ್ಡಿನಲ್ಲಿ ಇಲ್ಲದ ಪ್ಯಾಕೆಟ್ಟನ್ನು ಕರ್ನೆಲ್ ಬಿಸಾಡುತ್ತದೆ. 2 ಮಾಡಿದರೆ ಸಡಿಲ. ಆದರೆ ರೂಟಿಂಗ್ ಸರಿ ಮಾಡುವುದೇ ಒಳ್ಳೆಯದು. ಸರ್ವೀಸ್ ಹೊಸ ಪೋರ್ಟಿನಲ್ಲಿ ಕೂರಲು ಹೋಗಿ "ಪರ್ಮಿಷನ್ ಡಿನೈಡ್" ಅಂದರೆ ಅದು ಎಸ್‌ಇಲಿನಕ್ಸ್, ಪ್ರೋಗ್ರಾಂಗಳು ಏನು ಮಾಡಬಹುದು ಅಂತ ಮಿತಿ ಹಾಕುವ ಲಿನಕ್ಸ್‌ನ ಕಾವಲು.

## ತಿದ್ದುವಾಗ

ಓಡುತ್ತಿರುವ ಕ್ಲಸ್ಟರ್‌ನಲ್ಲಿ ರೂಲ್ ಮುಟ್ಟುವ ಮೊದಲು ಕ್ಲಸ್ಟರನ್ನು ಮೇಂಟೆನೆನ್ಸ್ ಮೋಡ್‌ಗೆ (ಸರ್ವೀಸ್‌ಗಳನ್ನು ಅದು ತಾನಾಗಿ ನಿಲ್ಲಿಸದ, ಸರಿಸದ ಸ್ಥಿತಿ) ಹಾಕಿ. ಕೊರೊಸಿಂಕ್‌ನ ಮಾತು ಕೆಲವೇ ಸೆಕೆಂಡ್ ನಿಂತರೂ ನೋಡ್ ಸತ್ತಿದೆ ಅಂತ ಉಳಿದವರು ತೀರ್ಮಾನಿಸುತ್ತಾರೆ. ಫೆನ್ಸಿಂಗ್ (ಸತ್ತಿದೆ ಅಂದುಕೊಂಡ ನೋಡನ್ನು ಬಲವಂತವಾಗಿ ಆಫ್ ಅಥವಾ ರೀಬೂಟ್ ಮಾಡುವುದು) ಇದ್ದರೆ ಮೇಂಟೆನೆನ್ಸ್ ಮೋಡ್‌ನಲ್ಲೂ ಪೂರ್ತಿ ನಿಶ್ಚಿಂತೆಯಿಂದ ಇರಬೇಡಿ, ಫೆನ್ಸಿಂಗ್ ಬೇರೆಯಾಗಿಯೇ ನಿಲ್ಲಿಸಬೇಕಾ ಅಂತ ಮೊದಲೇ ನೋಡಿಕೊಳ್ಳಿ. ಒಂದು ಸಲಕ್ಕೆ ಒಂದೇ ನೋಡ್, ಒಂದೇ ರೂಲ್.

ಫೈರ್‌ವಾಲ್‌ಡಿಯಲ್ಲಿ ರೂಲ್ ಸೇರಿಸುವಾಗ ಟೈಮ್‌ಔಟ್ ಆಯ್ಕೆ ಕೊಡಬಹುದು. ಹತ್ತು ನಿಮಿಷ ಅಂತ ಕೊಟ್ಟರೆ ಅಷ್ಟು ಹೊತ್ತಾದ ಮೇಲೆ ಅದು ತಾನೇ ಹೋಗುತ್ತದೆ. ಪರೀಕ್ಷೆಗೆ ಇದಕ್ಕಿಂತ ಒಳ್ಳೆಯದಿಲ್ಲ. ಸರಿ ಅನ್ನಿಸಿದ ಮೇಲೆ ಪರ್ಮನೆಂಟ್ ಆಯ್ಕೆಯಲ್ಲಿ ಹಾಕಿ ರೀಲೋಡ್ ಮಾಡಿ. ಪರ್ಮನೆಂಟ್ ಮಾತ್ರ ಹಾಕಿ ರೀಲೋಡ್ ಮರೆತರೆ ರೂಲ್ ಫೈಲ್‌ನಲ್ಲಿ ಇರುತ್ತದೆ, ಕೆಲಸ ಮಾಡುವುದಿಲ್ಲ. ಪರ್ಮನೆಂಟ್ ಹಾಕದೆ ಬಿಟ್ಟರೆ ಇವತ್ತು ಕೆಲಸ ಮಾಡುತ್ತದೆ, ರೀಬೂಟ್ ಆದಾಗ ಹೋಗುತ್ತದೆ. ರೂಲ್ ಬರೆಯುವಾಗ ಪೋರ್ಟನ್ನು ಎಲ್ಲರಿಗೂ ತೆರೆಯಬೇಡಿ, ಕ್ಲಸ್ಟರ್ ನೋಡ್‌ಗಳ ವಿಳಾಸಗಳಿಗೆ ಮಾತ್ರ ಬಿಡಿ. ಎಟ್‌ಸಿಡಿ, ರೆಡಿಸ್ ಥರದ ಒಳಪೋರ್ಟುಗಳು ಹೊರಗಿನವರ ಕೈಗೆ ಸಿಕ್ಕರೆ ಡೇಟಾ ಸಮೇತ ಹೋಗುತ್ತದೆ.

ಕೊನೆಗೆ ಶುರುವಿನಲ್ಲಿ ಬರೆದ ಕಾಗದ ಹಿಡಿದು ಪ್ರತಿ ದಿಕ್ಕನ್ನೂ ಮತ್ತೆ ಪರೀಕ್ಷಿಸಿ, ಕೆಟ್ಟಿದ್ದ ದಿಕ್ಕನ್ನು ಮಾತ್ರ ಅಲ್ಲ. ಚಿಕ್ಕ ಸ್ಕ್ರಿಪ್ಟ್ ಬರೆದಿಟ್ಟರೆ ಮುಂದಿನ ಸಲ ಹೊಸ ನೋಡ್ ಸೇರಿಸುವಾಗಲೂ ಅದೇ ಸಾಕು. ಅದಾದ ಮೇಲೆ ಸರಿಪಡಿಸಿದ ನೋಡ್ ಒಂದನ್ನು ರೀಬೂಟ್ ಮಾಡಿ, ಯಾರೂ ಕೈಹಾಕದೆ ಅದು ತಾನಾಗಿಯೇ ಕ್ಲಸ್ಟರ್‌ಗೆ ಸೇರುತ್ತದಾ ನೋಡಿ. ಸೇರಿದರೆ ಮೇಂಟೆನೆನ್ಸ್ ಮೋಡ್ ತೆಗೆಯಿರಿ.